ಸಿ.ಡಿ. ಇಲ್ಲದೆ ಬಂದ ಲ್ಯಾಪ್‌ಟಾಪ್ ಏಳದಿದ್ದಾಗ: ಮೊದಲು ಕಡತ, ಆಮೇಲೆ ವಿಂಡೋಸ್

ಕಳೆದ ಮದುವೆಯ ಹಂಗಾಮಿನಲ್ಲಿ ನಮ್ಮ ಬೀದಿಯ ಡಿಟಿಪಿ ಅಂಗಡಿಯ ಯಜಮಾನರು ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಗುಂಡಿ ಒತ್ತಿದರೆ ಕಂಪನಿಯ ಚಿಹ್ನೆ ಮೂಡುತ್ತಿತ್ತು. ಕೆಳಗೆ ಚುಕ್ಕೆಗಳು ಸುತ್ತುತ್ತಿದ್ದವು. ‘ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರಿ’ ಎಂದು ತೋರಿಸಿ ಮತ್ತೆ ಅದೇ ಚಿಹ್ನೆಗೆ ಮರಳುತ್ತಿತ್ತು. ಅಷ್ಟು ಹೊತ್ತಿಗೆ ಅವರು ಒಂದು ರಿಪೇರಿ ಅಂಗಡಿಗೂ ಹೋಗಿ ಬಂದಿದ್ದರು. ಅಲ್ಲಿನವರು ತಮ್ಮ ವಿಂಡೋಸ್ ಪೆನ್‌ಡ್ರೈವ್ ಹಾಕಿ ನೋಡಿ, ಡಿಸ್ಕ್ ಕಾಣುತ್ತಿಲ್ಲ, ಅದು ಸತ್ತಿದೆ, ಹೊಸದು ಹಾಕಬೇಕು ಎಂದಿದ್ದರಂತೆ.

“ಕೊಂಡಾಗ ಸಿ.ಡಿ. ಏನೂ ಕೊಡಲಿಲ್ಲ ತಮ್ಮಾ. ಹನ್ನೊಂದು ವರ್ಷದ ಪತ್ರಿಕೆಗಳೆಲ್ಲ ಇದರೊಳಗೇ ಇವೆ,” ಎಂದರು.

“ಯಾರು ಹೇಳಿದರೂ ಫಾರ್ಮ್ಯಾಟ್ ಮಾಡಲು ಒಪ್ಪಬೇಡಿ ಯಜಮಾನರೇ. ಇಲ್ಲೇ ಬಿಟ್ಟು ಹೋಗಿ,” ಎಂದೆ.

ಡಿಸ್ಕ್ ಸತ್ತಿರಲಿಲ್ಲ. ಒಂದು ಕಡತವೂ ಕಳೆದುಹೋಗಲಿಲ್ಲ. ಆ ಎರಡು ದಿನ ಯಾವ ಕ್ರಮದಲ್ಲಿ ಕೆಲಸ ಮಾಡಿದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಯಂತ್ರದ ತೊಂದರೆ ಬೇರೆಯಿರಬಹುದು, ಆದರೆ ಕ್ರಮ ಬದಲಾಗುವುದಿಲ್ಲ: ದೋಷ ಎಲ್ಲಿದೆ ಎಂದು ಮೊದಲು ಗುರುತಿಸಿ, ಕಡತಗಳನ್ನು ಹೊರತೆಗೆಯಿರಿ, ಅದಾದ ಮೇಲಷ್ಟೇ ವಿಂಡೋಸ್ ಮುಟ್ಟಿ.

ಸಿ.ಡಿ. ಎಲ್ಲಿ ಹೋಯಿತು?

ಹಿಂದೆ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ವಿಂಡೋಸ್ ಸಿ.ಡಿ. ಬರುತ್ತಿತ್ತು. ವಿಂಡೋಸ್ 7ರ ಕಾಲಕ್ಕೆ ಬಹುತೇಕ ಲ್ಯಾಪ್‌ಟಾಪ್ ತಯಾರಕರು ಅದನ್ನು ನಿಲ್ಲಿಸಿ, ಕಾರ್ಖಾನೆಯ ಪ್ರತಿಯನ್ನು ಡಿಸ್ಕಿನದೇ ಒಂದು ಮರೆಯ ಭಾಗದಲ್ಲಿ ಇಟ್ಟರು. ಅದರಿಂದ ಡಿ.ವಿ.ಡಿ. ಬರೆದುಕೊಳ್ಳಿ ಎಂದು ಮೊದಲ ದಿನವೇ ಪರದೆ ಕೇಳುತ್ತಿತ್ತು. ಬರೆದಿಟ್ಟುಕೊಂಡವರು ಕಡಿಮೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಉತ್ಪನ್ನದ ಕೀ ಕೂಡ ಅಡಿಯ ಸ್ಟಿಕ್ಕರಿನಿಂದ ಮದರ್‌ಬೋರ್ಡಿನ ಒಳಗೆ ಹೋಯಿತು. ಹಾಗಾಗಿ ಈಗಿನ ಲ್ಯಾಪ್‌ಟಾಪಿನ ಪರವಾನಗಿ ಬೋರ್ಡಿನಲ್ಲಿದೆ, ಮರುಸ್ಥಾಪನೆಯ ಸಾಮಗ್ರಿ ಡಿಸ್ಕಿನಲ್ಲಿದೆ, ಅದೂ ಕೆಟ್ಟರೆ ಮೈಕ್ರೋಸಾಫ್ಟ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸಿ.ಡಿ. ಇಲ್ಲವೆಂದು ಕೈಚೆಲ್ಲುವ ಅಗತ್ಯವಿಲ್ಲ.

ದೋಷ ಎಲ್ಲಿದೆ?

ಏಳದ ಕಂಪ್ಯೂಟರಿನಲ್ಲಿ ಕೆಟ್ಟಿರುವುದು ಹೆಚ್ಚಾಗಿ ಮೂರರಲ್ಲಿ ಒಂದು: ಡಿಸ್ಕ್, ವಿಂಡೋಸನ್ನು ಎಬ್ಬಿಸುವ ಬೂಟ್ ಕಡತಗಳು, ಅಥವಾ ವಿಂಡೋಸ್. ಹೊರಗಿನಿಂದ ಮೂರೂ ಒಂದೇ ಬಗೆಯಾಗಿ ಕಾಣುವುದರಿಂದಲೇ ತಪ್ಪು ನಿರ್ಣಯಗಳಾಗುತ್ತವೆ.

ಕಿವಿಯಿಂದ ಶುರುಮಾಡಿ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಿಂದ ಟಕ್, ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ತಕ್ಷಣ ವಿದ್ಯುತ್ ತೆಗೆಯಿರಿ. ಇನ್ನೊಮ್ಮೆ ಹಚ್ಚಿ ನೋಡುವ ಆಸೆ ಬೇಡ. ಆ ಡಿಸ್ಕ್ ದತ್ತಾಂಶ ರಕ್ಷಣೆಯ ಪ್ರಯೋಗಾಲಯಕ್ಕೆ ಹೋಗಬೇಕು. ಮನೆಯಲ್ಲಿ ಪ್ರತಿ ಸಲ ಹಚ್ಚಿದಾಗಲೂ ಉಳಿದದ್ದೂ ಹಾಳಾಗುತ್ತದೆ.

ಸದ್ದಿಲ್ಲದಿದ್ದರೆ ಬಯೋಸ್ ತೆರೆಯಿರಿ, ಅದು ವಿಂಡೋಸಿಗೂ ಮೊದಲು ಏಳುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಯಂತ್ರ ಹಚ್ಚಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀಲಿಯನ್ನು ಮತ್ತೆ ಮತ್ತೆ ಒತ್ತಬೇಕು, ಎಚ್‌ಪಿ ಯಂತ್ರಗಳಲ್ಲಿ ಎಫ್10. ಅಲ್ಲಿ ಏನನ್ನೂ ಬದಲಿಸಬೇಡಿ, ನೋಡಿ ಅಷ್ಟೆ. ಡಿಸ್ಕಿನ ಹೆಸರು ಮತ್ತು ಗಾತ್ರ ಕಾಣುತ್ತಿದ್ದರೆ ಡಿಸ್ಕ್ ಕನಿಷ್ಠ ಉಸಿರಾಡುತ್ತಿದೆ. ಕಾಣದಿದ್ದರೆ ಅದು ಕಳಚಿಕೊಂಡಿದೆ ಅಥವಾ ಸತ್ತಿದೆ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಕೇಬಲ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಸಿಕ್ಕಿಸಿದರೆ ಸರಿಹೋಗುವುದುಂಟು. ಹೆಸರು ಕಾಣುತ್ತದೆ, ಆದರೆ ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎನ್ನುತ್ತಿದೆ ಎಂದಾದರೆ ಬೂಟ್ ಕಡತಗಳನ್ನೋ, ಯಾವ ಡಿಸ್ಕಿನಿಂದ ಏಳಬೇಕೆಂಬ ಬೂಟ್ ಕ್ರಮವನ್ನೋ ಶಂಕಿಸಬೇಕು. ಚುಕ್ಕೆಗಳು ಸುತ್ತುವವರೆಗೂ ಬಂದು ನಿಂತರೆ ದೋಷ ಹೆಚ್ಚಾಗಿ ವಿಂಡೋಸಿನದು.

ಯಜಮಾನರ ಲ್ಯಾಪ್‌ಟಾಪಿನ ಬಯೋಸಿನಲ್ಲಿ ಎಸ್‌ಎಸ್‌ಡಿಯ ಹೆಸರು, 512 ಜಿಬಿ ಎಂಬ ಗಾತ್ರ ಎರಡೂ ನಿಚ್ಚಳವಾಗಿ ಇದ್ದವು. ಹಾಗಾದರೆ ರಿಪೇರಿ ಅಂಗಡಿಯ ಪೆನ್‌ಡ್ರೈವಿಗೆ ಅದು ಏಕೆ ಕಾಣಲಿಲ್ಲ? ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ‘ವಿಎಂಡಿ’ ಎಂಬ ನಿಯಂತ್ರಕದ ಹಿಂದೆ ಕುಳಿತಿರುತ್ತದೆ. ವಿಂಡೋಸ್ ಸ್ಥಾಪನೆಯ ಪೆನ್‌ಡ್ರೈವಿನಲ್ಲಿ ಅದರ ಚಾಲಕ ತಂತ್ರಾಂಶ ಇಲ್ಲದಿದ್ದರೆ ಡಿಸ್ಕುಗಳ ಪಟ್ಟಿ ಖಾಲಿ ಬರುತ್ತದೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾದರಿಗೆ ಹೊಂದುವ ‘ಇಂಟೆಲ್ ರ‍್ಯಾಪಿಡ್ ಸ್ಟೋರೇಜ್’ ಚಾಲಕವನ್ನು ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವಿಗೆ ಹಾಕಿ, ಖಾಲಿ ಪಟ್ಟಿಯ ಕೆಳಗಿರುವ ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ. ಖಾಲಿ ಪಟ್ಟಿ ನೋಡಿ ಡಿಸ್ಕ್ ಸತ್ತಿದೆ ಎನ್ನುವುದು ದೊಡ್ಡ ಅನ್ಯಾಯ. ಚೆನ್ನಾಗಿರುವ ಡಿಸ್ಕ್ ಕಸಕ್ಕೆ ಹೋಗುತ್ತದೆ, ಜೊತೆಗೆ ಮನೆಯವರ ಫೋಟೊಗಳೂ ಹೋಗುತ್ತವೆ.

ಬಯೋಸ್ ಬದಲಿಸುವ ಮುನ್ನ 48 ಅಂಕಿಗಳು

ಈಚಿನ ಲ್ಯಾಪ್‌ಟಾಪುಗಳ ಡಿಸ್ಕಿಗೆ ವಿಂಡೋಸ್ ತಾನಾಗಿಯೇ ಗೂಢಲಿಪಿಯ ಬೀಗ ಹಾಕುತ್ತದೆ. ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ ಎಂದು ಇದರ ಹೆಸರು. ಯಂತ್ರ ಸರಿಯಿರುವವರೆಗೆ ಬೀಗವಿದೆ ಎಂಬುದೇ ಗೊತ್ತಾಗುವುದಿಲ್ಲ. ಬಯೋಸಿನ ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಕಾವಲು) ಬದಲಿಸಿದಾಗ, ಮದರ್‌ಬೋರ್ಡ್ ಬದಲಾದಾಗ, ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ ಅದು 48 ಅಂಕಿಗಳ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಯಾವ ನಿಪುಣನೂ ಏನೂ ಮಾಡಲಾಗದು.

ಕೀ ಇರುವುದು ಮೊದಲ ದಿನ ಯಂತ್ರಕ್ಕೆ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ. ಫೋನಿನಿಂದಲೇ ಆ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ಆ ಲ್ಯಾಪ್‌ಟಾಪನ್ನು ಆರಿಸಿದರೆ ಮರುಪ್ರಾಪ್ತಿ ಕೀ ಕಾಣುತ್ತದೆ. ಹಲವು ಕೀಗಳಿದ್ದರೆ ಪರದೆಯ ಮೇಲಿನ ಗುರುತುಸಂಖ್ಯೆಯ ಮೊದಲ 8 ಅಕ್ಷರಗಳನ್ನು ಹೋಲಿಸಿ ನೋಡಬೇಕು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಲ್ಯಾಪ್‌ಟಾಪ್ ಕೊಂಡ ದಿನ ಅದನ್ನು ಸಿದ್ಧಪಡಿಸಿ ಕೊಟ್ಟವರು ಅಂಗಡಿಯ ಹುಡುಗನೋ ಮನೆಯ ಮಕ್ಕಳೋ ಆಗಿರುತ್ತಾರೆ, ಖಾತೆಯೂ ಅವರದೇ. ಯಜಮಾನರ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ. ಅರ್ಧ ಗಂಟೆ ಯೋಚಿಸಿ, “ಅಕ್ಕನ ಮಗ ಬೆಂಗಳೂರಿನಿಂದ ಬಂದಾಗ ಮಾಡಿಕೊಟ್ಟಿದ್ದ,” ಎಂದರು. ಅವನಿಗೆ ಫೋನ್ ಮಾಡಿದೆವು. ಅವನ ಖಾತೆಯಲ್ಲಿ ಆರಾರು ಅಂಕಿಗಳ ಎಂಟು ಗುಂಪುಗಳು ಹಾಗೆಯೇ ಇದ್ದವು.

ಕಡತಗಳನ್ನು ಹೊರತೆಗೆಯುವುದು

ಇದಕ್ಕೆ ವಿಂಡೋಸ್ ಬೇಡ, ಪೆನ್‌ಡ್ರೈವಿನಿಂದಲೇ ಏಳಬಲ್ಲ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಸಾಕು. ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ಉಬುಂಟು ಅಥವಾ ಲಿನಕ್ಸ್ ಮಿಂಟ್‌ನ ಕಡತವನ್ನು ಅವರದೇ ತಾಣದಿಂದ ಇಳಿಸಿ, ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ, ಖಾಲಿಯದನ್ನು ಬಳಸಿ. ಕೆಟ್ಟ ಯಂತ್ರಕ್ಕೆ ಅದನ್ನು ಹಾಕಿ ಬೂಟ್ ಪಟ್ಟಿ ತೆರೆಯಿರಿ. ಡೆಲ್, ಲೆನೊವೊ, ಏಸರ್ ಯಂತ್ರಗಳಿಗೆ ಎಫ್12, ಎಚ್‌ಪಿಗೆ ಎಫ್9, ಏಸಸ್ ಲ್ಯಾಪ್‌ಟಾಪಿಗೆ ಎಸ್ಕೇಪ್ ಕೀಲಿ. ಈ ಎರಡೂ ಲಿನಕ್ಸುಗಳು ಸೆಕ್ಯೂರ್ ಬೂಟ್ ಇದ್ದಂತೆಯೇ ಏಳುತ್ತವೆ, ಅದನ್ನು ಆಫ್ ಮಾಡುವ ಅಗತ್ಯವಿಲ್ಲ.

ಎದ್ದ ಮೇಲೆ ಕೇಳಿದರೆ ‘ಟ್ರೈ’ ಎಂಬುದನ್ನು ಆರಿಸಿ. ‘ಇನ್‌ಸ್ಟಾಲ್’ ಕಡೆಗೆ ಕೈ ಹೋಗಕೂಡದು, ಅದು ಡಿಸ್ಕನ್ನೇ ಒರೆಸಿಹಾಕಬಲ್ಲದು. ಕಡತಗಳ ಕಿಟಕಿಯ ಎಡಬದಿಯಲ್ಲಿ ವಿಂಡೋಸಿನ ಡಿಸ್ಕ್ ಕಾಣುತ್ತದೆ. ಬೀಗವಿದ್ದರೆ ಕೀ ಕೇಳುತ್ತದೆ. 48 ಅಂಕಿಗಳನ್ನು ನಡುವಿನ ಅಡ್ಡಗೆರೆಗಳ ಸಮೇತ ಕೊಡಿ. ವಿಂಡೋಸ್ ಪೂರ್ತಿ ಮುಚ್ಚಿಲ್ಲದ ಕಾರಣ ಓದಲು ಮಾತ್ರ ಬಿಡುತ್ತೇನೆ ಎಂದು ಲಿನಕ್ಸ್ ಹೇಳಿದರೆ ಹೆದರಬೇಡಿ. ಈಗ ನಮಗೆ ಬೇಕಿರುವುದು ಓದುವುದಷ್ಟೇ, ಬರೆಯಲು ಬಿಡದಿರುವುದೇ ಕ್ಷೇಮ.

ನಕಲು ಮಾಡುವ ಮುನ್ನ ‘ಡಿಸ್ಕ್ಸ್’ ಎಂಬ ತಂತ್ರಾಂಶ ತೆರೆದು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ಅಂಕಿಗಳನ್ನು ನೋಡಿ. ತಿರುಗುವ ಡಿಸ್ಕಾಗಿದ್ದರೆ ಎರಡು ಸಾಲುಗಳು ಮುಖ್ಯ. 5ನೆಯದು, ಕೆಟ್ಟು ಬದಲಿ ಜಾಗಕ್ಕೆ ಕಳುಹಿಸಲಾದ ಸೆಕ್ಟರುಗಳ (ಡಿಸ್ಕಿನ ಪುಟ್ಟ ತುಂಡುಗಳ) ಲೆಕ್ಕ. 197ನೆಯದು, ಓದಲಾಗದೆ ಬಾಕಿ ಉಳಿದಿರುವ ಸೆಕ್ಟರುಗಳ ಲೆಕ್ಕ. ಎರಡೂ ಸೊನ್ನೆಯಿದ್ದರೆ ನೆಮ್ಮದಿಯಿಂದ ನಕಲು ಮಾಡಿ. 197ರ ಎದುರು ಸೊನ್ನೆ ಇಲ್ಲದಿದ್ದರೆ ಅತಿ ಮುಖ್ಯವಾದ ಫೋಲ್ಡರನ್ನು ಮೊದಲು ತೆಗೆಯಿರಿ, ದೊಡ್ಡ ವಿಡಿಯೊಗಳನ್ನು ಕೊನೆಗಿಡಿ. ನಕಲು ನಡುನಡುವೆ ನಿಂತು ತಡವರಿಸುತ್ತಿದ್ದರೆ ‘ಡಿಡಿರೆಸ್ಕ್ಯೂ’ ಬಳಸಬೇಕು. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಎಲ್ಲಿ ತೊಡಕಾಯಿತೆಂದು ಒಂದು ನಕ್ಷೆಯಲ್ಲಿ ಗುರುತಿಟ್ಟು, ಆ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ.

ಈ ಹಂತದಲ್ಲಿ ಅನೇಕರು ‘ಚೆಕ್‌ಡಿಸ್ಕ್’ ಮಾಡಿಬಿಡಿ ಎಂದು ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಚೆಕ್‌ಡಿಸ್ಕ್ ಕಡತವ್ಯವಸ್ಥೆಯನ್ನು ನೇರ್ಪುಗೊಳಿಸುವ ಸಾಧನ, ನಿಮ್ಮ ಕಡತಗಳನ್ನು ಉಳಿಸುವ ಸಾಧನವಲ್ಲ. ದುರಸ್ತಿಗೆ ಬಿಟ್ಟರೆ ಅದು ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುತ್ತದೆ. ಹಿಂದೊಮ್ಮೆ ನೆರೆಮನೆಯವರ ಡೆಸ್ಕ್‌ಟಾಪಿನಲ್ಲಿ ನಾನೇ ಆ ತಪ್ಪು ಮಾಡಿದೆ. ಮುಗಿಯುವಷ್ಟರಲ್ಲಿ ಮಗುವಿನ ನಾಮಕರಣದ ಫೋಟೊಗಳಿದ್ದ ಫೋಲ್ಡರ್ ಮಾಯವಾಗಿತ್ತು. ಅದರ ಬದಲು ‘ಫೌಂಡ್’ ಎಂಬ ಮರೆಯ ಫೋಲ್ಡರಿನಲ್ಲಿ ಹೆಸರೂ ತಾರೀಖೂ ಇಲ್ಲದ, ಬರಿಯ ಕ್ರಮಸಂಖ್ಯೆ ಹೊತ್ತ ತುಣುಕುಗಳು ಬಿದ್ದಿದ್ದವು. ಒಂದೊಂದನ್ನೂ ತೆರೆದು ನೋಡಿ, ಸಿಕ್ಕಷ್ಟನ್ನು ಜೋಡಿಸಿ ಕೊಟ್ಟೆ. ಆ ತಾಯಿಯ ಮುಖ ನೋಡಲಾಗಲಿಲ್ಲ. ಅಂದಿನಿಂದ ನಕಲು ಮುಗಿಯುವವರೆಗೆ ಯಾವ ದುರಸ್ತಿ ಆಜ್ಞೆಯನ್ನೂ ಕೊಡುವುದಿಲ್ಲ.

ನಕಲು ಹೋಗಬೇಕಾದ ಹೊರಗಿನ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ; ಮದುವೆಯ ವಿಡಿಯೊ ಅರ್ಧಕ್ಕೆ ನಿಂತಾಗ ಜನ ಡಿಸ್ಕನ್ನು ದೂರುತ್ತಾರೆ.

ಏನೇನು ತೆಗೆಯಬೇಕು

‘ಡಾಕ್ಯುಮೆಂಟ್ಸ್’ ಒಂದೇ ಸಾಲದು. ‘ಯೂಸರ್ಸ್’ ಫೋಲ್ಡರನ್ನು ಇಡಿಯಾಗಿ ತೆಗೆಯಿರಿ. ಅದರೊಳಗೆ ಮರೆಯಾಗಿರುವ ‘ಆ್ಯಪ್‌ಡೇಟಾ’ದಲ್ಲಿ ಬ್ರೌಸರಿನ ಗುರುತುಗಳು, ಥಂಡರ್‌ಬರ್ಡ್ ಮಿಂಚಂಚೆ ಇರುತ್ತವೆ. ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ ಬಳಸುವವರ ಲೆಕ್ಕ ಹೆಚ್ಚಾಗಿ ‘ಪಬ್ಲಿಕ್’ ಒಳಗಿನ ಟ್ಯಾಲಿ ಫೋಲ್ಡರಿನಲ್ಲೋ ನೇರವಾಗಿ ಸಿ ಡ್ರೈವಿನಲ್ಲೋ ಇರುತ್ತದೆ. ‘ಡೇಟಾ’ದ ಒಳಗೆ 10000, 10001 ಎಂಬಂತೆ ಐದಂಕಿಯ ಫೋಲ್ಡರುಗಳು ಕಂಡರೆ ಒಂದೊಂದೂ ಒಂದು ಕಂಪನಿಯ ಇಡೀ ಲೆಕ್ಕ. ಅರ್ಥವಿಲ್ಲದ ಅಂಕಿಯೆಂದು ಬಿಟ್ಟುಬಿಡಬೇಡಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಇದನ್ನು ಹೊರಗಿನ ಯಾವ ಕೈಪಿಡಿಯೂ ಹೇಳುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಹಾಗೂ ಬರಹ ಮೊದಲಾದ ಕನ್ನಡ ಬರವಣಿಗೆಯ ತಂತ್ರಾಂಶಗಳ ಹಳೆಯ ಫಾಂಟುಗಳು, ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದವಲ್ಲ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿವೆ. ಕಡತ ಉಳಿದು ಫಾಂಟ್ ಹೋದರೆ ಪರದೆಯ ಮೇಲೆ ಕನ್ನಡವೇ ಇರುವುದಿಲ್ಲ. ‘ಕನ್ನಡ’ ಎಂಬ ಪದವನ್ನು ನುಡಿಯಲ್ಲಿ ಬರೆದು ಫಾಂಟ್ ಇಲ್ಲದೆ ತೆರೆದು ನೋಡಿ: ಇಂಗ್ಲಿಷಿನ ‘ಪಿ’, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ ಸಾಗುತ್ತದೆ. ಇದನ್ನು ಕಂಡು ಕಡತ ಕೆಟ್ಟಿದೆ ಎಂದು ಅಳಿಸಿದವರನ್ನು ನಾನು ಬಲ್ಲೆ. ಕಡತ ಚೆನ್ನಾಗಿಯೇ ಇರುತ್ತದೆ, ಫಾಂಟ್ ಮರಳಿದ ಕ್ಷಣ ಅಕ್ಷರಗಳೂ ಮರಳುತ್ತವೆ. ಆದ್ದರಿಂದ ವಿಂಡೋಸ್ ಫೋಲ್ಡರಿನ ಒಳಗಿನ ‘ಫಾಂಟ್ಸ್’ ಇಡಿಯಾಗಿ ನಕಲಾಗಲಿ. ಈಚಿನ ವಿಂಡೋಸಿನಲ್ಲಿ ಒಬ್ಬ ಬಳಕೆದಾರನಿಗಷ್ಟೇ ಹಾಕಿದ ಫಾಂಟುಗಳು ಆ್ಯಪ್‌ಡೇಟಾದ ಒಳಗೆ ಪ್ರತ್ಯೇಕವಾಗಿರುತ್ತವೆ, ಅವನ್ನೂ ಮರೆಯಬೇಡಿ. ವಿಂಡೋಸಿನ ಹಳೆಯ ಕನ್ನಡ ಫಾಂಟ್ ತುಂಗಾ ವಿಂಡೋಸ್ 10ರಿಂದ ಈಚೆಗೆ ತಾನಾಗಿ ಬರುವುದಿಲ್ಲ. ಐಚ್ಛಿಕ ಸೌಲಭ್ಯಗಳ ಪಟ್ಟಿಯಲ್ಲಿ ಕನ್ನಡದ ಪೂರಕ ಫಾಂಟುಗಳನ್ನು ಆರಿಸಿ ಸೇರಿಸಿಕೊಳ್ಳಬೇಕು.

ನಕಲು ಮುಗಿದ ಮೇಲೆ ಹೊರಗಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಹತ್ತಾರು ಕಡತಗಳನ್ನು ನಿಜಕ್ಕೂ ತೆರೆದು ನೋಡಿ. ಗಾತ್ರ ಕಂಡರೆ ಸಾಲದು, ತೆರೆಯಬೇಕು.

ಈಗ ವಿಂಡೋಸ್

ವಿಂಡೋಸ್ ಏಳುವಾಗ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಯಂತ್ರವನ್ನು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಆದರೆ ಮರುಪ್ರಾಪ್ತಿಯ ನೀಲಿ ಪರದೆ ಬರುತ್ತದೆ. ಕಡತಗಳು ಹೊರಬಂದ ಮೇಲೆಯೇ ಇದನ್ನು ಮಾಡಿ. ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’. ಇಲ್ಲಿ ಕಡಿಮೆ ಕೆಡುಕಿನದನ್ನು ಮೊದಲು ಪ್ರಯತ್ನಿಸಬೇಕು. ಹಿಂದಿನ ದಿನ ಅಪ್‌ಡೇಟ್ ಬಂದಿತ್ತೇ? ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಒತ್ತಿ ತೀರಾ ಈಚಿನದನ್ನು ತೆಗೆಯಿರಿ. ಫಲಿಸದಿದ್ದರೆ ‘ಸಿಸ್ಟಂ ರಿಸ್ಟೋರ್’, ಎಂದರೆ ಹಿಂದೆ ಗುರುತಿಟ್ಟ ಸ್ಥಿತಿಗೆ ವಿಂಡೋಸನ್ನು ಮರಳಿಸುವುದು. ಆಮೇಲೆ ‘ಸ್ಟಾರ್ಟಪ್ ರಿಪೇರಿ’. ಬೂಟ್ ಕಡತಗಳ ದೋಷವಿದ್ದರೆ ಇದು ನೇರ್ಪುಗೊಳಿಸುವ ಸಾಧ್ಯತೆ ಹೆಚ್ಚು.

ಯಜಮಾನರ ಯಂತ್ರದಲ್ಲಿ ಮೂರೂ ಫಲಿಸಲಿಲ್ಲ. ರಿಸ್ಟೋರ್ ಮಾಡಲು ಒಂದು ಗುರುತೂ ಉಳಿದಿರಲಿಲ್ಲ, ಆ ರಕ್ಷಣೆಯನ್ನು ಯಾರೂ ಚಾಲೂ ಮಾಡಿರಲಿಲ್ಲ. ಉಳಿದದ್ದು ‘ರೀಸೆಟ್ ದಿಸ್ ಪಿಸಿ’. ಅದರಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೆ ಬಳಕೆದಾರನ ಕಡತಗಳು ಉಳಿದು ತಂತ್ರಾಂಶಗಳು ಹೋಗುತ್ತವೆ. ಹೋದವುಗಳ ಪಟ್ಟಿಯನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟು ಹೋಗುತ್ತದೆ. ಯಂತ್ರದಲ್ಲೇ ಇರುವ ಸಾಮಗ್ರಿಯಿಂದ ಮೊದಲು ಮಾಡಿದೆ, ಅರ್ಧಕ್ಕೆ ನಿಂತು ಹಿಂದಿರುಗಿತು. ಎಂದರೆ ಆ ಸಾಮಗ್ರಿಯೇ ಕೆಟ್ಟಿತ್ತು. ಆಗ ‘ಕ್ಲೌಡ್ ಡೌನ್‌ಲೋಡ್’ ಆರಿಸಿದೆ. ಇದು ಹೊಸ ವಿಂಡೋಸನ್ನೇ ಇಳಿಸಿಕೊಳ್ಳುತ್ತದೆ, 4 ಜಿಬಿಗಿಂತ ಹೆಚ್ಚು ಡೇಟಾ ಬೇಕು. ಲ್ಯಾನ್ ಕೇಬಲ್ ಸಿಕ್ಕಿಸಿ ರಾತ್ರಿ ಬಿಟ್ಟು ಮಲಗಿದೆ. ಬೆಳಿಗ್ಗೆ ಲಾಗಿನ್ ಪರದೆ ಕಾಯುತ್ತಿತ್ತು.

ತಯಾರಕರು ಕೊಟ್ಟಿರುವ ಎಚ್‌ಪಿಯ ಎಫ್11, ಏಸರ್‌ನ ಆಲ್ಟ್ ಜೊತೆ ಎಫ್10, ಲೆನೊವೊದ ಪಕ್ಕದಲ್ಲಿರುವ ಸಣ್ಣ ನೋವೊ ಗುಂಡಿ ಇವುಗಳಿಂದಲೂ ಮರುಸ್ಥಾಪನೆಯ ಪಟ್ಟಿ ತೆರೆಯಬಹುದು. ಅಲ್ಲಿ ‘ಫ್ಯಾಕ್ಟರಿ’ ಎಂಬ ಪದ ಕಂಡರೆ ಎಲ್ಲವೂ ಅಳಿಯುತ್ತದೆ ಎಂದೇ ತಿಳಿಯಿರಿ. ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದರೆ ಈ ಕೀಲಿಗಳು ಉತ್ತರಿಸದೆ ಇರಬಹುದು. ಕಾರ್ಖಾನೆಯ ಪ್ರತಿ ಹಳೆಯ ಡಿಸ್ಕಿನ ಜೊತೆ ಹೋಗಿದೆ.

ಆಗ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿ, 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವಿಗೆ ವಿಂಡೋಸ್ ಬರೆದುಕೊಳ್ಳಿ. ಕೀ ಕೇಳಿದರೆ ‘ನನ್ನ ಬಳಿ ಕೀ ಇಲ್ಲ’ ಎಂಬುದನ್ನು ಒತ್ತಿ ಮುಂದೆ ಹೋಗಬಹುದು, ಅದು ಬೋರ್ಡಿನಲ್ಲಿದೆ. ಆದರೆ ಆವೃತ್ತಿ ತಪ್ಪಬಾರದು. ನಮ್ಮಲ್ಲಿ ಮಾರಾಟವಾಗುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಬರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಅದರ ಬದಲು ‘ಪ್ರೊ’ ಹಾಕಿದರೆ ಬೋರ್ಡಿನ ಪರವಾನಗಿ ಹೊಂದುವುದಿಲ್ಲ, ಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಬರಹ ನಿಲ್ಲುತ್ತದೆ. ನಕಲಿ ಕೀ ಮಾರುವವರಿಗೆ ದುಡ್ಡು ಕೊಡುವ ಬದಲು ಸರಿಯಾದ ಆವೃತ್ತಿ ಹಾಕಿ.

ಚೆನ್ನಾಗಿರುವಾಗಲೇ ಮಾಡಿಡಬೇಕಾದದ್ದು

ಯಂತ್ರ ಎದ್ದ ದಿನವೇ ಯಜಮಾನರ ಜೊತೆ ಕೂತು ‘ರಿಕವರಿ ಡ್ರೈವ್’ ಮಾಡಿದೆವು. ಸ್ಟಾರ್ಟ್ ಪಟ್ಟಿಯಲ್ಲಿ ಆ ಹೆಸರು ಹುಡುಕಿದರೆ ಸಿಗುತ್ತದೆ, 16 ಜಿಬಿ ಪೆನ್‌ಡ್ರೈವ್ ಸಾಲದೆ ಹೋಗಬಹುದು, 32 ಜಿಬಿಯದು ಇಟ್ಟುಕೊಳ್ಳಿ. ಸಿಸ್ಟಂ ಕಡತಗಳನ್ನೂ ಸೇರಿಸುವ ಚೌಕಕ್ಕೆ ಗುರುತು ಹಾಕಿ, ಇಲ್ಲದಿದ್ದರೆ ಅದರಿಂದ ವಿಂಡೋಸ್ ಮತ್ತೆ ಹಾಕಲು ಬರುವುದಿಲ್ಲ.

ಡಿಸ್ಕಿನೊಳಗಿನ ಮರುಪ್ರಾಪ್ತಿ ಭಾಗ ಆರೋಗ್ಯವಾಗಿದೆಯೇ ಎಂಬುದನ್ನೂ ನೋಡಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ರೀಏಜೆಂಟ್‌ಸಿ’ ಆಜ್ಞೆಯನ್ನು ‘ಇನ್ಫೋ’ ಸೇರಿಸಿ (reagentc /info) ಕೊಟ್ಟರೆ ಸ್ಥಿತಿ ‘ಎನೇಬಲ್ಡ್’ ಎಂದಿರಬೇಕು. 2024ರ ಜನವರಿಯ ವಿಂಡೋಸ್ 10 ಅಪ್‌ಡೇಟ್ ಒಂದು 80070643 ಎಂಬ ದೋಷಸಂಖ್ಯೆಯೊಡನೆ ಅನೇಕರ ಯಂತ್ರಗಳಲ್ಲಿ ವಿಫಲವಾಗಿದ್ದಕ್ಕೆ ಕಾರಣ ಈ ಭಾಗದಲ್ಲಿ 250 ಎಂಬಿ ಖಾಲಿ ಜಾಗ ಇಲ್ಲದಿದ್ದುದು. ಆ ಸಂಖ್ಯೆ ನಿಮ್ಮ ಅಪ್‌ಡೇಟ್ ಇತಿಹಾಸದಲ್ಲಿದ್ದರೆ ರಿಕವರಿ ಡ್ರೈವನ್ನು ಇಂದೇ ಮಾಡಿಕೊಳ್ಳಿ.

ತಂತ್ರಾಂಶಗಳ ಸಮೇತ ಇಡೀ ಡಿಸ್ಕಿನ ಪ್ರತಿ ಬೇಕೆನ್ನುವವರು ಕಂಟ್ರೋಲ್ ಪ್ಯಾನೆಲ್‌ನ ‘ಬ್ಯಾಕಪ್ ಆ್ಯಂಡ್ ರಿಸ್ಟೋರ್ (ವಿಂಡೋಸ್ 7)’ ಮೂಲಕ ಸಿಸ್ಟಂ ಇಮೇಜ್ ಮಾಡಬಹುದು. ಹೆಸರು ಹಳೆಯದಾದರೂ ವಿಂಡೋಸ್ 11ರಲ್ಲೂ ಇದೆ. ಒಂದು ಎಚ್ಚರ: ಇಮೇಜನ್ನು ಮೂಲಕ್ಕಿಂತ ಚಿಕ್ಕ ಡಿಸ್ಕಿಗೆ ಇಳಿಸಲು ಅದು ಒಪ್ಪುವುದಿಲ್ಲ. 500 ಜಿಬಿ ಹಾರ್ಡ್ ಡಿಸ್ಕಿನ ಇಮೇಜ್, ಒಳಗೆ ಬರಿಯ 60 ಜಿಬಿ ತುಂಬಿದ್ದರೂ, 480 ಜಿಬಿ ಎಸ್‌ಎಸ್‌ಡಿಗೆ ಹೋಗದು. ಇನ್ನು ಡಿ ಡ್ರೈವಿನಲ್ಲಿ ಇಟ್ಟದ್ದು ಬ್ಯಾಕಪ್ ಎಂದು ನಂಬಿದವರಿಗೆ: ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಕಟ್ಟಡ ಬಿದ್ದರೆ ಎರಡೂ ಬೀಳುತ್ತವೆ.

ನುಡಿ ಮತ್ತೆ ಹಾಕಿ, ಫಾಂಟುಗಳನ್ನು ಮರಳಿಸಿ, 2014ರ ಒಂದು ಲಗ್ನಪತ್ರಿಕೆ ತೆರೆದೆವು. ‘ಶ್ರೀ ಗಣೇಶಾಯ ನಮಃ’ ಎಂಬ ಸಾಲು ತನ್ನ ಹಳೆಯ ಅಂಚಿನ ಬಳ್ಳಿಯೊಡನೆ ಬಂದು ನಿಂತಿತು. ಯಜಮಾನರು ಲ್ಯಾಪ್‌ಟಾಪ್ ಕೊಂಡ ಬಿಲ್ಲನ್ನು ಹುಡುಕಿ ತಂದು, ಅದರ ಹಿಂಬದಿಯಲ್ಲಿ 48 ಅಂಕಿಗಳನ್ನು ಆರಾರಾಗಿ ಬರೆದು, ನಾನು ಓದಿದಂತೆ ಎರಡು ಸಲ ತಾಳೆ ನೋಡಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಒಳಗೆ ಇಟ್ಟರು.